ಛೆಟ್ರಿ ಜಾಗಕ್ಕೆ ಯಾರು ಅನ್ನೋದು ತಪ್ಪು ಪ್ರಶ್ನೆ: ಬೆಂಗಳೂರು ಎಫ್‌ಸಿಗೆ ನಿಜಕ್ಕೂ ಬೇಕಿರುವುದು ಏನು?

ಏಪ್ರಿಲ್ 12ರ ರಾತ್ರಿ ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್ 120 ನಿಮಿಷ ನಡೆಯಿತು. ಮೋಹನ್ ಬಾಗಾನ್ 2, ಬೆಂಗಳೂರು ಎಫ್‌ಸಿ 1. ಬೆಂಗಳೂರಿನ ಆ ಒಂದು ಗೋಲು ಯಾರದ್ದು ಗೊತ್ತಲ್ಲ? ಮೋಹನ್ ಬಾಗಾನ್‌ನ ಸ್ಪ್ಯಾನಿಷ್ ಡಿಫೆಂಡರ್ ಆಲ್ಬರ್ಟೊ ರೊಡ್ರಿಗೆಸ್ ಅವರದ್ದು. ರಯಾನ್ ವಿಲಿಯಮ್ಸ್ ಕಳಿಸಿದ ಕ್ರಾಸನ್ನು ತಡೆಯಲು ಹೋಗಿ ತಮ್ಮದೇ ಬಲೆಗೆ ಹೊಡೆದುಕೊಂಡರು. ಅಂದ್ರೆ ಎರಡು ಗಂಟೆ ಆಡಿದರೂ ನೀಲಿ ಜೆರ್ಸಿ ತೊಟ್ಟ ಒಬ್ಬನೂ ಗೋಲು ಹೊಡೆಯಲಿಲ್ಲ.

ಆಮೇಲಿನ ದಿನಗಳಲ್ಲಿ ಅಭಿಮಾನಿಗಳ ಮಾತೆಲ್ಲ ಚಿಂಗ್ಲೆನ್ಸನಾ ಸಿಂಗ್ ಅವರ ಹ್ಯಾಂಡ್‌ಬಾಲ್, ಅದಕ್ಕೆ ಸಿಕ್ಕ ಪೆನಾಲ್ಟಿ, ಎಕ್ಸ್‌ಟ್ರಾ ಟೈಮ್‌ನಲ್ಲಿ ಜೇಮಿ ಮೆಕ್ಲಾರೆನ್ ಹೊಡೆದ ಗೋಲು, ಇದರ ಸುತ್ತಲೇ ಸುತ್ತಿತು. ಸಹಜ. ಸೋತ ಮೇಲೆ ಯಾರ ಕೈಗೆ ಚೆಂಡು ತಗುಲಿತು ಅನ್ನೋದೇ ಕಣ್ಣಿಗೆ ಕಟ್ಟುತ್ತೆ. ಆದರೆ ಮುಂದಿನ ಸೀಸನ್‌ಗೆ ತಂಡ ಕಟ್ಟುವ ಹೊತ್ತಿನಲ್ಲಿ ನೋಡಬೇಕಿರುವುದು ಆ ಗೋಲು ಬಾರದ ಕಡೆಯನ್ನು.

ಈಗ 2025ರ ಮೇ ತಿಂಗಳು. ಬೆಂಗಳೂರಿನ ಸೀಸನ್ ಮುಗಿದಿದೆ. ಫೈನಲ್ ಆದ ಎರಡೇ ವಾರದೊಳಗೆ ಭುವನೇಶ್ವರದ ಸೂಪರ್ ಕಪ್‌ನಲ್ಲಿ ಐ-ಲೀಗ್ ತಂಡ ಇಂಟರ್ ಕಾಶಿ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಮನೆಗೆ ಬಂದಾಯಿತು. ಆ ಪಂದ್ಯದಲ್ಲೂ ಬೆಂಗಳೂರಿನ ಗೋಲು ಹೊಡೆದದ್ದು ಒಬ್ಬರೇ: ರಯಾನ್ ವಿಲಿಯಮ್ಸ್. ಬರುವ ಆಗಸ್ಟ್ 3ಕ್ಕೆ ಸುನಿಲ್ ಛೆಟ್ರಿಗೆ 41.

ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ತರಬೇಕು ಅನ್ನುವ ಚರ್ಚೆ ಪ್ರತಿ ಬೇಸಿಗೆಯಲ್ಲೂ ಇದ್ದದ್ದೇ. ಈ ಸಲ ಅದು ಒಂದೇ ವಾಕ್ಯಕ್ಕೆ ಇಳಿದಿದೆ. "ಛೆಟ್ರಿ ಆದ ಮೇಲೆ ಒಬ್ಬ ಒಳ್ಳೆಯ ಫಾರಿನ್ ಸ್ಟ್ರೈಕರ್ ತಂದರೆ ಮುಗೀತು." ನನ್ನ ಪ್ರಕಾರ ಮುಗಿಯೋದಿಲ್ಲ. ಯಾಕೆ ಅಂತ ಹೇಳೋಕೆ ಮೊದಲು ಈ ಸೀಸನ್ ಹೇಗಿತ್ತು ಅನ್ನೋದನ್ನ ನೋಡೋಣ.

ಹತ್ತರಿಂದ ಮೂರಕ್ಕೆ

2023-24ರಲ್ಲಿ ಬೆಂಗಳೂರು 12 ತಂಡಗಳಲ್ಲಿ 10ನೇ ಸ್ಥಾನದಲ್ಲಿತ್ತು. 22 ಪಂದ್ಯ, 22 ಅಂಕ. ಕ್ಲಬ್ ಹುಟ್ಟಿದ 2013ರಿಂದ ಅಷ್ಟು ಕೆಟ್ಟ ಲೀಗ್ ಸೀಸನ್ ನಾವು ಕಂಡಿರಲಿಲ್ಲ. ಮೊದಲ ವರ್ಷವೇ ಐ-ಲೀಗ್ ಗೆದ್ದ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತನಕ ಹೋದ, 2019ರಲ್ಲಿ ಐಎಸ್‌ಎಲ್ ಎತ್ತಿದ ತಂಡ ಅದು. ನಡುವೆ ಕೋಚ್ ಸೈಮನ್ ಗ್ರೇಸನ್ ಹೋದರು, ಹಿಂದೆ ಇಲ್ಲೇ ಸಹಾಯಕರಾಗಿದ್ದ ಗೆರಾರ್ಡ್ ಸರಗೋಸಾ ಬಂದರು.

ಕಳೆದ ಬೇಸಿಗೆಯ ಖರೀದಿ ಮಾತ್ರ ಚೆನ್ನಾಗಿ ಯೋಚಿಸಿ ಮಾಡಿದ್ದು. ಮುಂಬೈ ಸಿಟಿಯಿಂದ ಆಲ್ಬರ್ಟೊ ನೊಗೆರಾ, ಜಾರ್ಜ್ ಪೆರೇರಾ ಡಿಯಾಸ್, ರಾಹುಲ್ ಭೇಕೆ ಮೂವರೂ ಬಂದರು. ಹೊರಗಿನಿಂದ ಎಡ್ಗರ್ ಮೆಂಡೆಸ್ ಮತ್ತು ಪೆಡ್ರೊ ಕಾಪೊ ಬಂದರು. ಪರಿಣಾಮ ತಕ್ಷಣ ಕಂಡಿತು. ಮೊದಲ ಐದು ಲೀಗ್ ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಕಂಠೀರವದಲ್ಲಿ ಮೋಹನ್ ಬಾಗಾನ್‌ಗೆ 3-0 ಬಡಿದರು. ಕೊನೆಗೆ 24 ಪಂದ್ಯಗಳಿಂದ 38 ಅಂಕ, ಮೂರನೇ ಸ್ಥಾನ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಹೊಡೆದ ಗೋಲುಗಳು ಸುಮಾರು ಇಮ್ಮಡಿ. ಪ್ಲೇಆಫ್‌ನಲ್ಲಿ ಮುಂಬೈಗೆ 5-0, ಸೆಮಿಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ಒಟ್ಟು 3-2.

ಕೇಳೋಕೆ ಸೊಗಸಾಗಿದೆ. ಆದರೆ ಜನವರಿ ಒಂದನ್ನು ಮರೆಯಬಾರದು. ಕೊನೆಯ ಸ್ಥಾನದಲ್ಲಿ ಸೀಸನ್ ಮುಗಿಸಿದ ಮೊಹಮ್ಮಡನ್ ಸ್ಪೋರ್ಟಿಂಗ್ ಕಂಠೀರವಕ್ಕೆ ಬಂದು, ಕೊನೆಯ ನಿಮಿಷಗಳ ಫ್ರೀಕಿಕ್‌ನಲ್ಲಿ 1-0 ಗೆದ್ದು ಹೋಯಿತು. ಅದಾದ ಮೇಲೆ ಒಡಿಶಾ ಎದುರು 2-0 ಮುಂದಿದ್ದು 2-3 ಸೋತರು. ವೆಸ್ಟ್ ಬ್ಲಾಕ್‌ನಲ್ಲಿ ಕೂತವರಿಗೆ ಆ ತಿಂಗಳು ಹೇಗಿತ್ತು ಅಂತ ಹೇಳಬೇಕಿಲ್ಲ. ಒಳ್ಳೆಯ ಹನ್ನೊಂದು ಮಂದಿ ಇದ್ದರು, ಹನ್ನೆರಡನೆಯವನು, ಹದಿಮೂರನೆಯವನು ಇರಲಿಲ್ಲ. ಇದಕ್ಕೆ ಆಮೇಲೆ ಬರ್ತೀನಿ.

ಯಾರು ಹೇಗೆ ಆಡಿದರು?

ಗೋಲ್‌ನಿಂದಲೇ ಶುರು ಮಾಡೋಣ. ಗುರ್‌ಪ್ರೀತ್ ಸಿಂಗ್ ಸಂಧು ಅವರಿಗೆ ಈಗ 33. ಕಳೆದ ನವೆಂಬರ್‌ನಲ್ಲಿ ಭಾರತದ ಪರ ಮಲೇಷ್ಯಾ ಎದುರು ಗೋಲ್ ಬಿಟ್ಟು ಮುಂದೆ ಓಡಿ ಬಂದು ಗೋಲು ಬಿಟ್ಟುಕೊಟ್ಟರಲ್ಲ, ಆ ಮೇಲೆ ಅವರ ಬಗ್ಗೆ ಬಹಳ ಲೇವಡಿ ನಡೆಯಿತು. ಕ್ಲಬ್‌ಗೆ ಮಾತ್ರ ಅವರು ಈ ವರ್ಷ ಸಾಲ ತೀರಿಸಿದ್ದಾರೆ ಅನ್ನೋದು ನನ್ನ ಅಭಿಪ್ರಾಯ. ಗೋಲ್‌ಕೀಪರ್‌ಗಳಿಗೆ 33 ವಯಸ್ಸೇ ಅಲ್ಲ. ಈ ಬೇಸಿಗೆಯಲ್ಲಿ ಕ್ಲಬ್ ದುಡ್ಡು ಖರ್ಚು ಮಾಡಬೇಕಾದ ಜಾಗ ಇದಲ್ಲ.

ಸೆಂಟರ್ ಬ್ಯಾಕ್‌ನಲ್ಲಿ ಭೇಕೆ ವಾಪಸ್ ಬಂದದ್ದು ಇಡೀ ಸೀಸನ್‌ನ ಅತ್ಯುತ್ತಮ ವ್ಯವಹಾರ. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ತಲೆಯಿಂದ ಹೊಡೆದು ಕಪ್ ತಂದುಕೊಟ್ಟವರು ಇವರೇ. ಈಗಲೂ ಕಾರ್ನರ್ ಸಿಕ್ಕರೆ ಎದುರಾಳಿಗಳು ಮೊದಲು ಹುಡುಕುವುದು ಇವರನ್ನೇ. ಅವರಿಗೆ 34. ಪಕ್ಕದಲ್ಲಿ ಆಡುವ ಆಸ್ಟ್ರೇಲಿಯಾದ ಅಲೆಕ್ಸಾಂಡರ್ ಯೊವಾನೊವಿಚ್‌ಗೆ 35. ಮೂರನೆಯವರಾದ ಚಿಂಗ್ಲೆನ್ಸನಾಗೆ 28. ಆ ಹ್ಯಾಂಡ್‌ಬಾಲ್ ಒಂದನ್ನೇ ಹಿಡಿದುಕೊಂಡು ಅವರನ್ನು ಕಳಿಸಿಬಿಡಿ ಅನ್ನುವವರಿಗೆ ನಾನು ಕೇಳೋದು ಇಷ್ಟೇ: ಅವರನ್ನು ಬಿಟ್ಟರೆ ಮೂವತ್ತರ ಕೆಳಗಿನ ಇನ್ನೊಬ್ಬ ಅನುಭವಿ ಸೆಂಟರ್ ಬ್ಯಾಕ್ ಎಲ್ಲಿದ್ದಾರೆ?

ಎಡ ಬದಿಯಲ್ಲಿ ರೋಶನ್ ಸಿಂಗ್ ಅವರ ಎಡಗಾಲಿನ ಕ್ರಾಸ್‌ಗಳ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ, ಅವು ದೇಶದಲ್ಲೇ ಒಳ್ಳೆಯವು. ಬಲಕ್ಕೆ ನಿಖಿಲ್ ಪೂಜಾರಿ. ಹೆಸರು ಕೇಳಿದ ಕೂಡಲೇ ನಮ್ಮ ಕರಾವಳಿಯವರ ಕಿವಿ ನೆಟ್ಟಗಾಗುತ್ತೆ, ಆದರೆ ಮುಂಬೈನಲ್ಲಿ ಬೆಳೆದವರು. ಮೈಕೈ ಬಿಚ್ಚಿ ಓಡುತ್ತಾರೆ, ಹಿಂದೆಯೂ ಬರುತ್ತಾರೆ. ಪಾಸು.

ಮಿಡ್‌ಫೀಲ್ಡ್‌ನಲ್ಲಿ ಸುರೇಶ್ ಸಿಂಗ್ ವಾಂಗ್ಜಮ್. 2017ರಲ್ಲಿ ಭಾರತದಲ್ಲೇ ನಡೆದ 17ರೊಳಗಿನವರ ವಿಶ್ವಕಪ್ ಆಡಿದ ಹುಡುಗ, ಈಗ 24. ಮೋಹನ್ ಬಾಗಾನ್‌ಗೆ 3-0 ಬಡಿದಾಗಲೂ ಗೋಲು ಹೊಡೆದರು, ಪ್ಲೇಆಫ್‌ನಲ್ಲಿ ಮುಂಬೈ ವಿರುದ್ಧ ಬಾಗಿಲು ತೆರೆದದ್ದೂ ಅವರೇ. ಇಡೀ ತಂಡದಲ್ಲಿ ಮುಂದಿನ ಐದು ವರ್ಷದ ಲೆಕ್ಕ ಹಾಕಿ ಇಟ್ಟುಕೊಳ್ಳಬೇಕಾದ ಒಬ್ಬ ಆಟಗಾರ ಅಂದರೆ ನಾನು ಸುರೇಶ್ ಹೆಸರು ಹೇಳ್ತೀನಿ. ಕಾಪೊ ಜೊತೆಗಿದ್ದಾಗ ಅವರ ಕೆಲಸ ಹಗುರವಾಗುತ್ತೆ. ಇಬ್ಬರಲ್ಲಿ ಒಬ್ಬರು ಇಲ್ಲದ ದಿನ ನಡುಭಾಗ ತೂತು ಬಿದ್ದ ಕೊಡ. ಲಾಲ್ರೆಮ್‌ಟ್ಲುವಾಂಗಾ ಫನಾಯ್ ಇದ್ದಾರೆ, ಆದರೆ ಅವರೊಬ್ಬರಿಂದಲೇ ಆಗದು.

ಇನ್ನು ಮುಂದಿನ ಸಾಲು. ಇಲ್ಲೇ ನಿಜವಾದ ವಿಷಯ ಇರೋದು.

ನೊಗೆರಾ ಕಾಲಿಗೆ ಚೆಂಡು ಸಿಕ್ಕರೆ ಆಟ ಒಂದು ಕ್ಷಣ ನಿಲ್ಲುತ್ತೆ, ಅವರಿಗೆ ಬೇಕಾದ ಹಾಗೆ ಮುಂದೆ ಸಾಗುತ್ತೆ. ನೋಡೋಕೆ ಚಂದ. ವಯಸ್ಸು 35, ತೊಂಬತ್ತು ನಿಮಿಷ ಪ್ರೆಸ್ ಮಾಡಿ ಅಂತ ಕೇಳೋ ಹಾಗಿಲ್ಲ. ಮೆಂಡೆಸ್ ದೊಡ್ಡ ಪಂದ್ಯಗಳಲ್ಲಿ ಬಂದರು: ಮೋಹನ್ ಬಾಗಾನ್ ವಿರುದ್ಧ ಗೋಲು, ಮುಂಬೈ ವಿರುದ್ಧ ಗೋಲು, ಗೋವಾ ವಿರುದ್ಧ ಮೊದಲ ಲೆಗ್‌ನಲ್ಲಿ ಗೋಲು. ವಿಲಿಯಮ್ಸ್ ಬಗ್ಗೆ ನನ್ನದು ಸ್ವಲ್ಪ ಪಕ್ಷಪಾತದ ಅಭಿಪ್ರಾಯ. ಚೆಂಡು ಕಳೆದುಕೊಂಡ ಮರುಕ್ಷಣವೇ ಅದನ್ನು ಕಸಿಯಲು ಓಡುವ ವಿದೇಶಿ ಫಾರ್ವರ್ಡ್‌ಗಳು ಈ ಲೀಗ್‌ನಲ್ಲಿ ಎಷ್ಟು ಮಂದಿ ಇದ್ದಾರೆ ಹೇಳಿ. ನಿರಾಸೆ ಮಾಡಿದವರು ಡಿಯಾಸ್. 2024ರ ಫೈನಲ್‌ನಲ್ಲಿ ಮುಂಬೈ ಪರ ಗೋಲು ಹೊಡೆದು ಕಪ್ ಗೆದ್ದ ಆ ಡಿಯಾಸ್ ಇಲ್ಲಿ ಅಲ್ಲಲ್ಲಿ ಮಾತ್ರ ಕಾಣಿಸಿಕೊಂಡರು. ಗೋಲುಗಳ ಪಟ್ಟಿಯಲ್ಲಿ ಛೆಟ್ರಿಗಿಂತ ಬಹಳ ಹಿಂದೆ ಉಳಿದರು.

ಛೆಟ್ರಿ: ಲೀಗ್, ಪ್ಲೇಆಫ್ ಸೇರಿ 14 ಗೋಲು. ತಂಡದ ಒಟ್ಟು ಗೋಲುಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು.

ಆ 14ನ್ನು ಓದುವುದು ಹೇಗೆ

ಇಂಜಿನಿಯರಿಂಗ್ ಓದುವಾಗ ನಮಗೆ ಲ್ಯಾಬ್‌ನಲ್ಲಿ ಒಂದು ಅಭ್ಯಾಸ ಮಾಡಿಸುತ್ತಿದ್ದರು. ಹತ್ತು ರೀಡಿಂಗ್ ತೆಗೆದುಕೊಂಡು ಒಂದು ಮಾತ್ರ ಉಳಿದವುಗಳಿಂದ ದೂರ ಹಾರಿ ಕೂತಿದ್ದರೆ, ಖುಷಿ ಪಡುವ ಮೊದಲು ಅದು ಯಾಕೆ ಹಾಗಾಯಿತು ಅಂತ ನೋಡು. ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದರೂ ಆ ಚಟ ಬಿಟ್ಟಿಲ್ಲ.

ಛೆಟ್ರಿ ಐಎಸ್‌ಎಲ್‌ನಲ್ಲಿ ಇದಕ್ಕೆ ಮೊದಲು ಒಂದು ಸೀಸನ್‌ನಲ್ಲಿ 14 ಗೋಲು ಹೊಡೆದದ್ದು 2017-18ರಲ್ಲಿ. ಆಗ ಜೊತೆಗೆ ವೆನೆಜುವೆಲಾದ ಮಿಕು ಇದ್ದರು, ಅವರು 15 ಹೊಡೆದರು. ಆಮೇಲಿನ ಆರು ಸೀಸನ್‌ಗಳಲ್ಲಿ ಛೆಟ್ರಿ ಐಎಸ್‌ಎಲ್‌ನಲ್ಲಿ ಒಮ್ಮೆಯೂ ಎರಡಂಕಿ ಮುಟ್ಟಲಿಲ್ಲ. ಆರು ವರ್ಷದ ಇಳಿಜಾರಿನ ನಂತರ 40ನೇ ವಯಸ್ಸಿನಲ್ಲಿ ಮತ್ತೆ 14. ಇದು ಅದ್ಭುತ, ಅನುಮಾನವೇ ಇಲ್ಲ. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಕಂಠೀರವದಲ್ಲಿ ಹ್ಯಾಟ್ರಿಕ್ ಹೊಡೆದಾಗ ಐಎಸ್‌ಎಲ್ ಇತಿಹಾಸದಲ್ಲೇ ಹ್ಯಾಟ್ರಿಕ್ ಹೊಡೆದ ಅತ್ಯಂತ ಹಿರಿಯ ಆಟಗಾರ ಅನಿಸಿಕೊಂಡರು. ಆದರೆ ಮುಂದಿನ ವರ್ಷದ ಯೋಜನೆಯನ್ನು ಈ ಒಂದು ರೀಡಿಂಗ್ ಮೇಲೆ ಕಟ್ಟುವುದು ಸಾಧ್ಯವಿಲ್ಲ. 41ರಲ್ಲಿ ಮತ್ತೆ 14 ಬಂದರೆ ಅದು ಬೋನಸ್, ಬಜೆಟ್ ಅಲ್ಲ.

ಇಷ್ಟು ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಕೂಡಲೇ ಮುಂದಿನ ಮಾತು "ಹಾಗಾದ್ರೆ ಫಾರಿನ್ ನಂಬರ್ 9 ತನ್ನಿ" ಅಂತ ಬರುತ್ತೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಐಎಸ್‌ಎಲ್‌ನ ನಿಯಮ ಗೊತ್ತಿಲ್ಲದವರಿಗೆ: ಒಂದು ಕ್ಲಬ್ ಆರು ವಿದೇಶಿ ಆಟಗಾರರನ್ನು ಇಟ್ಟುಕೊಳ್ಳಬಹುದು, ಆದರೆ ಮೈದಾನದಲ್ಲಿ ಒಮ್ಮೆಗೆ ನಾಲ್ಕೇ ಮಂದಿ. ಉಳಿದ ಏಳು ಜನ ಭಾರತೀಯರೇ ಆಗಿರಬೇಕು. ಬೆಂಗಳೂರಿನ ಆರು ವಿದೇಶಿಯರು ಯಾರು? ಯೊವಾನೊವಿಚ್, ಕಾಪೊ, ನೊಗೆರಾ, ವಿಲಿಯಮ್ಸ್, ಮೆಂಡೆಸ್, ಡಿಯಾಸ್. ಆರರಲ್ಲಿ ನಾಲ್ಕು ಮಂದಿ ಮುಂದಿನ ಸಾಲಿನವರು. ಹಿಂದೆ ಒಬ್ಬ, ನಡುವೆ ಒಬ್ಬ ಆಡಿದರೆ ಮುಂದೆ ಎರಡು ಜಾಗ ಮಾತ್ರ ಉಳಿಯುತ್ತೆ. ಅಂದ್ರೆ ಪ್ರತಿ ಪಂದ್ಯದಲ್ಲೂ ಇಬ್ಬರು ದುಬಾರಿ ಫಾರ್ವರ್ಡ್‌ಗಳು ಬೆಂಚಿನ ಮೇಲೆ.

ಈಗ ಛೆಟ್ರಿಯ ನಿಜವಾದ ಬೆಲೆ ನೋಡಿ. ಅವರು 14 ಗೋಲು ಹೊಡೆದರು, ಸರಿ. ಆದರೆ ಆ ನಾಲ್ಕು ವಿದೇಶಿ ಜಾಗಗಳಲ್ಲಿ ಒಂದನ್ನೂ ತಿನ್ನದೆ ಹೊಡೆದರು. ಅವರ ಜಾಗಕ್ಕೆ 14 ಗೋಲು ಹೊಡೆಯುವ ವಿದೇಶಿಯನ್ನು ತಂದಿರಿ ಅಂತಲೇ ಇಟ್ಟುಕೊಳ್ಳಿ. ಗೋಲಿನ ಲೆಕ್ಕ ಸಮ. ಆದರೆ ಹನ್ನೊಂದು ಮಂದಿಯ ಲೆಕ್ಕದಲ್ಲಿ ಇನ್ನೊಬ್ಬ ವಿದೇಶಿ ಹೊರಗೆ ಕೂರಬೇಕಾಯಿತು. ಕೂರುವುದು ಯಾರು? ವಿಲಿಯಮ್ಸಾ, ಕಾಪೊನಾ, ಯೊವಾನೊವಿಚ್ಚಾ? ಅವರ ಜಾಗಕ್ಕೆ ಬರುವ ಭಾರತೀಯ ಯಾರು? ಆ ಭಾರತೀಯ ಅಷ್ಟೇ ಚೆನ್ನಾಗಿ ಆಡಿದರೆ ಮಾತ್ರ ನಿಮ್ಮ ತಂಡ ಇದ್ದಲ್ಲಿಯೇ ಇರುತ್ತೆ. ಇಲ್ಲ ಅಂದ್ರೆ ಸ್ಟ್ರೈಕರ್ ಸಿಕ್ಕಿದರೂ ತಂಡ ಒಂದು ಮೆಟ್ಟಿಲು ಕೆಳಗೆ.

ಹಾಗಾಗಿ ಛೆಟ್ರಿ ಜಾಗಕ್ಕೆ ಯಾರು ಅನ್ನೋದಕ್ಕಿಂತ, ಒಂದು ವಿದೇಶಿ ಜಾಗವನ್ನು ಎಲ್ಲಿಂದ ಬಿಡಿಸಿಕೊಳ್ಳುವುದು ಅನ್ನೋದು ಸರಿಯಾದ ಪ್ರಶ್ನೆ. ಅದಕ್ಕೆ ಎರಡೇ ದಾರಿ. ಒಂದು, ಗೋಲು ಹೊಡೆಯುವ ಭಾರತೀಯ ಬೇಕು. ಎರಡು, ಈಗ ವಿದೇಶಿಯರು ಆಡುತ್ತಿರುವ ಬೇರೊಂದು ಜಾಗವನ್ನು ನಿಭಾಯಿಸುವ ಭಾರತೀಯ ಬೇಕು.

ಮೋಹನ್ ಬಾಗಾನ್ ಮಾಡಿದ್ದೇನು

ನಮ್ಮನ್ನು ಸೋಲಿಸಿದವರನ್ನೇ ನೋಡೋಣ. ಮೋಹನ್ ಬಾಗಾನ್ ಈ ವರ್ಷ 24 ಪಂದ್ಯಗಳಲ್ಲಿ 56 ಅಂಕ ಗಳಿಸಿ ಶೀಲ್ಡ್ ಗೆದ್ದಿತು, ಆಮೇಲೆ ಕಪ್ಪನ್ನೂ ಎತ್ತಿತು. ಜನ ಅಂದುಕೊಂಡಿರೋದು, ಮೆಕ್ಲಾರೆನ್, ಕಮಿಂಗ್ಸ್, ಪೆಟ್ರಾಟೋಸ್, ಸ್ಟೀವರ್ಟ್ ಇರೋವಾಗ ಗೆಲ್ಲೋದೇನು ದೊಡ್ಡದು ಅಂತ. ದುಡ್ಡಿನ ಮಾತು ಸುಳ್ಳಲ್ಲ. ಆದರೆ ಅವರ ಹಂಚಿಕೆ ಗಮನಿಸಿ. ಹಿಂದೆ ಇಬ್ಬರು ವಿದೇಶಿ ಸೆಂಟರ್ ಬ್ಯಾಕ್‌ಗಳನ್ನೇ, ಟಾಮ್ ಆಲ್ಡ್ರೆಡ್ ಮತ್ತು ಆಲ್ಬರ್ಟೊ ರೊಡ್ರಿಗೆಸ್ ಅವರನ್ನು, ಆಡಿಸುವಷ್ಟು ಧಾರಾಳ ಅವರಿಗಿತ್ತು. ಅದು ಸಾಧ್ಯವಾದದ್ದು ಹೇಗೆ? ನಡುವೆ ಅಪುಯಾ, ಅನಿರುದ್ಧ್ ಥಾಪಾ. ಎರಡೂ ರೆಕ್ಕೆಗಳಲ್ಲಿ ಲಿಸ್ಟನ್ ಕೊಲಾಸೊ, ಮನ್‌ವೀರ್ ಸಿಂಗ್. ಬೆಂಚಿನಲ್ಲಿ ಸಹಲ್, ಆಶಿಕ್ ಕುರುಣಿಯನ್. ಎಲ್ಲ ಭಾರತೀಯರು. ಎಡ ಬದಿಯ ಡಿಫೆಂಡರ್ ಸುಭಾಶಿಷ್ ಬೋಸ್ ಒಬ್ಬರೇ ಲೀಗ್‌ನಲ್ಲಿ ಆರು ಗೋಲು ಹೊಡೆದರು!

ಅವರ ವಿದೇಶಿಯರಿಗಿಂತ ಅವರ ಭಾರತೀಯರು ನಮ್ಮವರಿಗಿಂತ ಹೆಚ್ಚು ಮುಂದಿದ್ದಾರೆ. ಅಂತರ ಇರೋದು ಅಲ್ಲಿ. ಆಶಿಕ್ 2022ರ ತನಕ ಇಲ್ಲೇ ಇದ್ದರು ಅನ್ನೋದನ್ನ ನೆನಪಿಸಿಕೊಂಡರೆ ಹೊಟ್ಟೆ ಚುರ್ ಅನ್ನುತ್ತೆ. 2023ರ ತನಕ ಇದ್ದ ಉದಾಂತ ಸಿಂಗ್ ಈಗ ಗೋವಾದಲ್ಲಿದ್ದಾರೆ. ಇಬ್ಬರೂ ಸೂಪರ್‌ಸ್ಟಾರ್‌ಗಳಲ್ಲ ಅನ್ನಬಹುದು. ಆದರೆ ವೇಗ ಇರುವ ಭಾರತೀಯ ವಿಂಗರ್ ಒಬ್ಬ ಇದ್ದರೆ ಒಂದು ವಿದೇಶಿ ಜಾಗ ಉಳಿಯುತ್ತೆ.

ಹಾಗಾದ್ರೆ ಖರೀದಿಯ ಪಟ್ಟಿಯಲ್ಲಿ ನನ್ನ ಮೊದಲ ಹೆಸರು ಸ್ಟ್ರೈಕರ್ ಅಲ್ಲ. ಸುರೇಶ್ ಪಕ್ಕದಲ್ಲಿ ನಿಂತು ಚೆಂಡು ಕಸಿಯಬಲ್ಲ, ಕಸಿದ ಚೆಂಡನ್ನು ಮುಂದಕ್ಕೆ ಕೊಡಬಲ್ಲ ಭಾರತೀಯ ಮಿಡ್‌ಫೀಲ್ಡರ್. ಆತ ಬಂದರೆ ಮಿಡ್‌ಫೀಲ್ಡ್‌ಗೆ ವಿದೇಶಿ ಬೇಕೇಬೇಕು ಅನ್ನುವ ಕಟ್ಟುಪಾಡು ಹೋಗುತ್ತೆ, ಮುಂದೆ ಮೂವರು ವಿದೇಶಿಯರನ್ನು ಆಡಿಸಬಹುದು. ಜನವರಿಯಂಥ ತಿಂಗಳಲ್ಲಿ ಕಾಪೊ ಅಥವಾ ಸುರೇಶ್ ಸುಸ್ತಾದರೂ ತಂಡ ಉರುಳುವುದಿಲ್ಲ. ಅಂಥವರು ಸಿಗೋದು ಸುಲಭವೇ? ಅಲ್ಲ. ಅಪುಯಾ ಮುಂಬೈನಿಂದ ಕೋಲ್ಕತ್ತಾಗೆ ಹೋದದ್ದು ದೊಡ್ಡ ಮೊತ್ತಕ್ಕೆ. ಆದರೂ ಮಧ್ಯಮ ದರ್ಜೆಯ ಇನ್ನೊಬ್ಬ ವಿದೇಶಿ ಫಾರ್ವರ್ಡ್‌ಗೆ ಸುರಿಯುವ ದುಡ್ಡನ್ನು ಇಲ್ಲಿ ಸುರಿಯೋದು ಲೇಸು.

ಎರಡನೆಯದು ಒಬ್ಬ ಯುವ ಭಾರತೀಯ ಸೆಂಟರ್ ಬ್ಯಾಕ್. ಭೇಕೆ ಮತ್ತು ಯೊವಾನೊವಿಚ್ ಇಬ್ಬರ ವಯಸ್ಸು ಕೂಡಿಸಿದರೆ 69. ಇಬ್ಬರೂ ಒಂದೇ ಬೇಸಿಗೆಯಲ್ಲಿ ಹೋದರೆ ಏನು ಗತಿ ಅಂತ ಯೋಚಿಸೋಕೆ ಈಗಲೇ ಸಮಯ. ಭೇಕೆಯ ಪಕ್ಕ ನಿಂತು ಒಂದು ವರ್ಷ ಕಲಿಯುವ ಹುಡುಗ ಬೇಕು.

ಮೂರನೆಯದಾಗಿ, ಆರು ವಿದೇಶಿಯರಲ್ಲಿ ನಾಲ್ಕು ಫಾರ್ವರ್ಡ್ ಅನ್ನುವ ಹಂಚಿಕೆಯನ್ನೇ ಬದಲಿಸಬೇಕು. ನೊಗೆರಾ, ಡಿಯಾಸ್, ಮೆಂಡೆಸ್ ಮೂವರೂ ಮೂವತ್ನಾಲ್ಕರ ಆಸುಪಾಸಿನವರು. ಮೂವರನ್ನೂ ಉಳಿಸಿಕೊಳ್ಳುವ ಮಾತೇ ಇಲ್ಲ. ನಾನು ಆಯ್ಕೆ ಮಾಡುವುದಾದರೆ ಡಿಯಾಸ್‌ಗೆ ಕೈಮುಗಿದು ಬೀಳ್ಕೊಟ್ಟು, ಮೂವತ್ತರ ಕೆಳಗಿನ, ಓಡಬಲ್ಲ ಒಬ್ಬನನ್ನು ತರುತ್ತೇನೆ. ವಿಲಿಯಮ್ಸ್ ಉಳಿಯಲೇಬೇಕು.

ಗೋಲು ಹೊಡೆಯುವ ಭಾರತೀಯ ಎಲ್ಲಿ?

ಮೊದಲ ದಾರಿಯನ್ನು ಬಿಟ್ಟೇಬಿಟ್ಟೆ ಅಂದುಕೊಳ್ಳಬೇಡಿ. ಕಷ್ಟದ್ದು ಅಂತ ಕೊನೆಗಿಟ್ಟೆ.

ಐಎಸ್‌ಎಲ್ ಶುರುವಾಗಿ 11 ಸೀಸನ್ ಮುಗಿದಿವೆ. ಒಂದೇ ಒಂದು ಸಲವೂ ಗೋಲ್ಡನ್ ಬೂಟ್ ಭಾರತೀಯನಿಗೆ ಸಿಕ್ಕಿಲ್ಲ. ಈ ವರ್ಷ ನಾರ್ತ್‌ಈಸ್ಟ್ ಯುನೈಟೆಡ್‌ನ ಮೊರಾಕ್ಕೊ ಆಟಗಾರ ಅಲಾದಿನ್ ಅಜರೈ 23 ಗೋಲು ಹೊಡೆದರು. ಭಾರತೀಯರ ಪೈಕಿ ಛೆಟ್ರಿ 14. ಅವರ ನಂತರದವರು ಗೋವಾದ ಬ್ರೈಸನ್ ಫರ್ನಾಂಡಿಸ್, 7. ಅವರು ಸ್ಟ್ರೈಕರ್ ಕೂಡ ಅಲ್ಲ, ನಡುವಿನಿಂದ ಬಂದು ಹೊಡೆಯುವವರು. ಕಾರಣ ಸರಳ. ನಾಲ್ಕು ವಿದೇಶಿ ಜಾಗ ಇರುವಾಗ ಯಾವ ಕೋಚ್ ಆದರೂ ಮೊದಲನೆಯದನ್ನು ನಂಬರ್ 9ಕ್ಕೇ ಕೊಡುತ್ತಾನೆ, ಕೆಲಸ ಉಳಿಸಿಕೊಳ್ಳಬೇಕಲ್ಲ. ಹಾಗಾಗಿ ಇಪ್ಪತ್ತರ ಭಾರತೀಯ ಸ್ಟ್ರೈಕರ್‌ಗಳು ಒಂದೋ ವಿಂಗ್‌ಗೆ ತಳ್ಳಲ್ಪಡುತ್ತಾರೆ, ಇಲ್ಲವೇ ಬೆಂಚಿನಲ್ಲಿ ಬೆಳೆಯುತ್ತಾರೆ.

ಇದರ ಬಿಲ್ಲು ರಾಷ್ಟ್ರೀಯ ತಂಡಕ್ಕೆ ಬರುತ್ತೆ. 2024ರ ಇಡೀ ವರ್ಷದಲ್ಲಿ ಭಾರತ ಒಂದೂ ಪಂದ್ಯ ಗೆಲ್ಲಲಿಲ್ಲ. ಹಿಂದಿನ ಜೂನ್‌ನಲ್ಲಿ ನಿವೃತ್ತಿ ಹೊಂದಿದ ಛೆಟ್ರಿಯನ್ನು ಈ ಮಾರ್ಚ್‌ನಲ್ಲಿ ಕೋಚ್ ಮನೋಲೊ ಮಾರ್ಕೆಸ್ ವಾಪಸ್ ಕರೆಸಿದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3-0 ಗೆದ್ದಾಗ ಒಂದು ಗೋಲು ಅವರದ್ದು, ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ 95ನೆಯದು. ಇನ್ನೊಂದು ಸೆಂಟರ್ ಬ್ಯಾಕ್ ಭೇಕೆಯದ್ದು. ಅದಾದ ಕೆಲವೇ ದಿನಕ್ಕೆ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಬಾಂಗ್ಲಾದೇಶದ ಎದುರು 0-0. ದೇಶಕ್ಕೂ ಕ್ಲಬ್‌ಗೂ ಒಂದೇ ಕಾಯಿಲೆ, ಒಬ್ಬನೇ ವೈದ್ಯ, ಆ ವೈದ್ಯನಿಗೆ 40.

ಬೆಂಗಳೂರಿನಲ್ಲಿ ಹುಡುಗರು ಇಲ್ಲವಾ? ಇದ್ದಾರೆ. ತಮಿಳುನಾಡಿನ ಶಿವಶಕ್ತಿ ನಾರಾಯಣನ್‌ಗೆ ಇನ್ನೂ 23. 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದಾಗ, ಆಮೇಲೆ ಅದೇ ಸೀಸನ್‌ನ ಐಎಸ್‌ಎಲ್‌ನಲ್ಲಿ ಫೈನಲ್ ತನಕ ಹೋದಾಗ ಆತನ ಓಟ ನೋಡಿ ನಾವೆಲ್ಲ ಉತ್ತರ ಸಿಕ್ಕಿತು ಅಂದುಕೊಂಡೆವು. ಆ ಲಯ ಆಮೇಲೆ ಮರಳಿ ಬರಲಿಲ್ಲ. ಕ್ಲಬ್‌ನ ಯುವ ತಂಡದಿಂದ ಬಂದ ವಿನಿತ್ ವೆಂಕಟೇಶ್ 19ರ ಹುಡುಗ. ಈ ಸೀಸನ್‌ನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದರು. ಬೆಂಗಳೂರಿನ ಯುವ ತಂಡ 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗನ್ನು ಗೆದ್ದಿತ್ತು. 2023ರಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಗೋಲು ಹೊಡೆಯುವ ಹುಡುಗರು ಆಸ್ಟಿನ್ ಟೌನ್‌ನಿಂದ ಗೌತಮಪುರದವರೆಗೆ ಇದ್ದೇ ಇದ್ದಾರೆ. ಇಲ್ಲದಿರುವುದು ಅವರಿಗೆ ನಂಬರ್ 9 ಜಾಗದಲ್ಲೇ ಆಡಲು ಸಿಗುವ ನಿಮಿಷಗಳು.

ನನ್ನ ಲೆಕ್ಕ ಇದು. ಮುಂದಿನ ಸೀಸನ್‌ನಲ್ಲಿ ಒಬ್ಬ ಭಾರತೀಯ ಯುವ ಫಾರ್ವರ್ಡ್‌ಗೆ ಕನಿಷ್ಠ ಸಾವಿರ ನಿಮಿಷ, ವಿಂಗ್‌ನಲ್ಲಲ್ಲ, ನಡುವಿನಲ್ಲಿ. ಅಂದಾಜು ಹನ್ನೊಂದು ಪೂರ್ತಿ ಪಂದ್ಯ. ಕೆಲವು ಪಂದ್ಯ ಸೋಲಬಹುದು, ವೆಸ್ಟ್ ಬ್ಲಾಕ್ ಬೈಯಬಹುದು. ಛೆಟ್ರಿ ಕೊನೆಯ ಅರ್ಧ ಗಂಟೆಗೆ ಬರಲಿ. ಇದು ಅವಮಾನ ಅಲ್ಲ. ಈ ಸೀಸನ್‌ನಲ್ಲೇ ಹೈದರಾಬಾದ್ ವಿರುದ್ಧ ಬೆಂಚಿನಿಂದ ಬಂದು ಎರಡು ಗೋಲು ಹೊಡೆದವರು ಅವರು. ಸುಸ್ತಾದ ಡಿಫೆಂಡರ್‌ಗಳ ಎದುರು ಅವರ ಸ್ಥಾನಪ್ರಜ್ಞೆ ಇಂದಿಗೂ ದೇಶದಲ್ಲಿ ಬೇರೆ ಯಾರಿಗೂ ಇಲ್ಲ. ಗೋವಾದಲ್ಲಿ ಸೆಮಿಫೈನಲ್ 2-2 ಸಮವಾಗಿ ಎಕ್ಸ್‌ಟ್ರಾ ಟೈಮ್‌ಗೆ ಹೊರಟಿದ್ದಾಗ ಇಂಜುರಿ ಟೈಮ್‌ನಲ್ಲಿ ಬಂದ ಆ ಹೆಡರ್ ನೆನಪಿದೆಯಲ್ಲ.

ಡಿಸೆಂಬರ್ 8

ಇಷ್ಟೆಲ್ಲ ಲೆಕ್ಕ ಹಾಕುವಾಗ ಒಂದು ದಿನಾಂಕ ತಲೆಯ ಮೇಲೆ ತೂಗುತ್ತಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ ಕೊಟ್ಟಿತ್ತು. ಐಎಸ್‌ಎಲ್ ನಡೆಯುತ್ತಿದ್ದದ್ದು ಆ ಒಪ್ಪಂದದ ಮೇಲೆ, ಎಫ್‌ಎಸ್‌ಡಿಎಲ್ ಸಂಸ್ಥೆಯ ಕೈಯಲ್ಲಿ. ಅದರ ಅವಧಿ ಮುಗಿಯುವುದಿದ್ದದ್ದು 2025ರ ಡಿಸೆಂಬರ್ 8ಕ್ಕೆ, ಅಂದ್ರೆ ಮುಂದಿನ ಸೀಸನ್‌ನ ನಟ್ಟನಡುವೆ. 2025ರ ಮೇ ಹೊತ್ತಿಗೆ ಹೊಸ ಒಪ್ಪಂದ ಆಗಿರಲಿಲ್ಲ. ಫೆಡರೇಶನ್‌ನ ಸಂವಿಧಾನದ ಪ್ರಕರಣ ಆಗ ಸುಪ್ರೀಂ ಕೋರ್ಟ್‌ನಲ್ಲಿತ್ತು.

ಕ್ಲಬ್ ಮಾಲೀಕರ ಜಾಗದಲ್ಲಿ ಕೂತು ನೋಡಿ. ಡಿಸೆಂಬರ್ ಆದ ಮೇಲೆ ಟಿವಿಯಿಂದ ಎಷ್ಟು ಬರುತ್ತೆ, ಲೀಗ್ ಯಾವ ರೂಪದಲ್ಲಿರುತ್ತೆ ಗೊತ್ತಿಲ್ಲದಾಗ 24ರ ಮಿಡ್‌ಫೀಲ್ಡರ್‌ಗೆ ನಾಲ್ಕು ವರ್ಷದ ಒಪ್ಪಂದ ಯಾರು ಕೊಡುತ್ತಾರೆ? ಸುಲಭದ ದಾರಿ ಅಂದರೆ 34ರ ವಿದೇಶಿಗೆ ಒಂದು ವರ್ಷದ ಒಪ್ಪಂದ. ಬಂದ, ಆಡಿದ, ಹೋದ. ಜವಾಬ್ದಾರಿ ಇಲ್ಲ. ನನಗೆ ಭಯ ಇರೋದು ಇದೇ. ಎಲ್ಲ ಕ್ಲಬ್‌ಗಳೂ ಈ ಬೇಸಿಗೆಯಲ್ಲಿ ಅದೇ ಸುಲಭದ ದಾರಿ ಹಿಡಿದರೆ, ಶಿವಶಕ್ತಿಯಂಥವರ ಇಪ್ಪತ್ಮೂರನೇ, ಇಪ್ಪತ್ನಾಲ್ಕನೇ ವರ್ಷಗಳು ಬೆಂಚಿನ ಮೇಲೆಯೇ ಕಳೆದುಹೋಗುತ್ತವೆ. ಆ ವರ್ಷಗಳನ್ನು ಯಾವ ಹೊಸ ಒಪ್ಪಂದವೂ ವಾಪಸ್ ಕೊಡುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ, ಅನಿಶ್ಚಿತತೆಯ ವರ್ಷದಲ್ಲಿ ಅತ್ಯಂತ ಅಗ್ಗದ ಆಟಗಾರ ನಿಮ್ಮದೇ ಅಕಾಡೆಮಿಯ ಹುಡುಗ. ಬಳ್ಳಾರಿಯ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯು ದುಡ್ಡು ಹಾಕಿ ಸಾಕುತ್ತಿರುವುದು ಇದಕ್ಕೇ ಅಲ್ವಾ? ಖರೀದಿಗೆ ಕೈ ಕಟ್ಟಿದಂತಾದರೆ ಕೋಚ್‌ಗೂ ಒಂದು ನೆಪ ಸಿಗುತ್ತೆ. "ಹುಡುಗರನ್ನು ಆಡಿಸಿದೆ, ಬೇರೆ ದಾರಿ ಇರಲಿಲ್ಲ" ಅನ್ನಬಹುದು. ಕೆಲವೊಮ್ಮೆ ಒಳ್ಳೆಯ ಕೆಲಸ ಆಗೋದು ಹಾಗೇ.

ಮುಂದಿನ ಸೀಸನ್‌ನ ನೋಂದಣಿ ಪಟ್ಟಿ ಹೊರಬಂದಾಗ ಹೆಚ್ಚಿನವರು ಮೊದಲು ಹುಡುಕುವುದು ಹೊಸ ವಿದೇಶಿ ಹೆಸರನ್ನು, ಅವನು ಯಾವ ದೇಶದವನು, ಯೂಟ್ಯೂಬ್‌ನಲ್ಲಿ ಅವನ ಗೋಲುಗಳು ಹೇಗಿವೆ ಅಂತ. ನಾನು ನೋಡುವುದು ಎರಡನ್ನು. ಸುರೇಶ್ ಪಕ್ಕದ ಭಾರತೀಯ ಹೆಸರು ಯಾವುದು, ಮತ್ತು ಫಾರ್ವರ್ಡ್ ಅನ್ನುವ ತಲೆಬರಹದ ಕೆಳಗೆ 25 ದಾಟದ ಭಾರತೀಯರು ಎಷ್ಟು ಮಂದಿ.